ಪಾತ್ರಪ್ರೇರಣೆ (ತಾಳಮದ್ದಳೆ)

ಪಾತ್ರಪ್ರೇರಣೆ ಎಂದರೆ ಕಥೆ, ಕಾವ್ಯ ಅಥವಾ ನಾಟಕದ ಪಾತ್ರವೊಂದು ತಾನು ಮಾಡಿದ ಕಾರ್ಯವನ್ನು ಏಕೆ ಮಾಡಿತು ಎಂಬುದಕ್ಕೆ ಆಧಾರವಾದ ಒಳಗಾರಣ. ಸಾಹಿತ್ಯದ ಓದಿನಲ್ಲಿ ಇದು ಎಲ್ಲೆಡೆಯೂ ಕೇಳಲಾಗುವ ಪ್ರಶ್ನೆ. ಕರ್ನಾಟಕದ ಕರಾವಳಿಯಲ್ಲಿ, ವಿಶೇಷವಾಗಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ, ಹಾಗೂ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಈ ಪ್ರಶ್ನೆಯನ್ನು ಸಭೆಯ ನಡುವೆ ಚರ್ಚಿಸುವ ಒಂದು ಕಲೆಯೇ ಬೆಳೆದಿದೆ. ಅದು ಯಕ್ಷಗಾನದ ಒಂದು ಪ್ರಕಾರವಾದ ತಾಳಮದ್ದಳೆ. ವೇಷಭೂಷಣ, ಕುಣಿತಗಳಿಲ್ಲದೆ ಕೇವಲ ಹಾಡು ಮತ್ತು ಮಾತಿನಿಂದ ನಡೆಯುವ ಈ ಕಲೆಯಲ್ಲಿ ಪಾತ್ರವು ತನ್ನ ನಡತೆಗೆ ತಾನೇ ಸಮರ್ಥನೆ ನೀಡಬೇಕಾಗುತ್ತದೆ. ಎದುರಿನ ಪಾತ್ರವು ಆ ಸಮರ್ಥನೆಯನ್ನು ಅಲ್ಲಿಯೇ ಪ್ರಶ್ನಿಸುತ್ತದೆ.

ಪದದ ಅರ್ಥ

‘ಪ್ರೇರಣೆ’ ಎಂಬುದು ಸಂಸ್ಕೃತ ಮೂಲದ ಪದ. ಮುಂದಕ್ಕೆ ತಳ್ಳುವುದು, ಪ್ರಚೋದಿಸುವುದು ಎಂದು ಇದರ ಅರ್ಥ. ಕನ್ನಡ ವ್ಯಾಕರಣದಲ್ಲಿಯೂ ಇದೇ ಪದ ಪಾರಿಭಾಷಿಕವಾಗಿ ಬಳಕೆಯಲ್ಲಿದೆ. ‘ಮಾಡು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯ ಸೇರಿ ‘ಮಾಡಿಸು’ ಎಂದಾದಾಗ ಅದನ್ನು ಪ್ರೇರಣಾರ್ಥಕ ಕ್ರಿಯಾಪದವೆನ್ನುತ್ತಾರೆ. ಸಂಸ್ಕೃತ ವ್ಯಾಕರಣವು ಇನ್ನೊಬ್ಬನಿಂದ ಕೆಲಸ ಮಾಡಿಸುವ ಕರ್ತೃವನ್ನು ‘ಹೇತು’ ಎಂದು ಕರೆಯುತ್ತದೆ. ಮಾಡಿದವನು ಯಾರು, ಮಾಡಿಸಿದ್ದು ಯಾರು ಅಥವಾ ಯಾವುದು ಎಂಬ ವ್ಯಾಕರಣದ ಈ ವಿಂಗಡಣೆಯೇ ಪಾತ್ರಪ್ರೇರಣೆಯ ವಿಚಾರಕ್ಕೂ ಮೂಲವಾಗಿದೆ. ವರ ಬೇಡಿದವಳು ಕೈಕೇಯಿ, ಬೇಡುವಂತೆ ಮಾಡಿದವಳು ಮಂಥರೆ. ಹಾಗಾದರೆ ಮಂಥರೆಯಿಂದ ಅದನ್ನು ಮಾಡಿಸಿದ್ದು ಯಾವುದು ಎಂದು ಕೇಳಿದಾಗ ಓದುಗನು ವ್ಯಾಕರಣದಿಂದ ಸಾಹಿತ್ಯವಿಮರ್ಶೆಗೆ ಬಂದಿರುತ್ತಾನೆ.

ಬಳಕೆಯಲ್ಲಿ ಕಾರಣ, ಉದ್ದೇಶ, ಪ್ರೇರಣೆ ಮತ್ತು ನೆಪ ಎಂಬ ನಾಲ್ಕು ಪದಗಳನ್ನು ಪರಸ್ಪರ ಬೇರ್ಪಡಿಸಿ ನೋಡುವುದು ಉಪಯುಕ್ತ. ಕಾರಣವು ಕಾರ್ಯಕ್ಕಿಂತ ಹಿಂದೆ ಇರುವಂಥದು, ಉದ್ದೇಶವು ಕಾರ್ಯದಿಂದ ಮುಂದೆ ಆಗಬೇಕೆಂದು ಬಯಸಿದ್ದು. ಪ್ರೇರಣೆಯು ಇವೆರಡನ್ನೂ ಜೋಡಿಸುವ ಮನಸ್ಸಿನ ಬಲ. ನೆಪವು ಇತರರಿಗೆ ಹೇಳಿದ ಕಾರಣವೇ ಹೊರತು ನಡೆಸಿದ ಕಾರಣವಲ್ಲ.

ಹಿನ್ನೆಲೆ

ತಾಳಮದ್ದಳೆಯ ಪ್ರಾಚೀನತೆಗೆ ಶಾಸನಾಧಾರವಿದೆ. ಬಳ್ಳಾರಿ ಪ್ರದೇಶದ ಕುರುಗೋಡು ಸಮೀಪದ ಸೋಮಸಮುದ್ರದ ೧೫೫೬ರ ಶಾಸನವು ತಾಳಮದ್ದಳೆಯವರಿಗೆ ಸಂಬಂಧಿಸಿದ ಭೂದಾನವನ್ನು ಉಲ್ಲೇಖಿಸುತ್ತದೆ. ಕರಾವಳಿಯಲ್ಲಿ ಈ ಕಲೆಯು ಮಳೆಗಾಲದೊಂದಿಗೆ ಹೊಂದಿಕೊಂಡು ಬೆಳೆಯಿತು. ತುಳುವರ ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ ತಿಂಗಳ ಕೊನೆಯ ಭಾಗದಲ್ಲಿ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟವನ್ನು ಮುಗಿಸುತ್ತವೆ. ಬಯಲಾಟಕ್ಕೆ ಅವಕಾಶವಿಲ್ಲದ ಮಳೆಯ ತಿಂಗಳುಗಳಲ್ಲಿ ಮನೆಯ ಚಾವಡಿ, ದೇವಸ್ಥಾನದ ಪೌಳಿ ಮತ್ತು ಸಭಾಭವನಗಳಲ್ಲಿ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ಈಗ ಇವು ವರ್ಷವಿಡೀ ನಡೆಯುವುದುಂಟು.

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳು ಈ ಕಲೆಯ ನೆಲೆಗಳಲ್ಲಿ ಸೇರಿವೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳವು ತನ್ನದೇ ಯಕ್ಷಗಾನ ಮೇಳವನ್ನು ಹೊಂದಿದೆ. ಉಜಿರೆಯಿಂದ ಮುಂಡಾಜೆ, ಕಕ್ಕಿಂಜೆಗಳ ಮೂಲಕ ಚಾರ್ಮಾಡಿ ಘಾಟಿಯ ತಪ್ಪಲಿನವರೆಗಿನ ಊರುಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಮುಂತಾದ ಮನೆಮಾತುಗಳಿವೆ. ಹೀಗಾಗಿ ತಾಳಮದ್ದಳೆಯ ಪ್ರೌಢ ಕನ್ನಡವು ಇಲ್ಲಿನ ಅನೇಕ ಕೇಳುಗರಿಗೆ ಮನೆಯ ಭಾಷೆಯಲ್ಲ, ಶಾಲೆ ಮತ್ತು ಕೂಟಗಳಲ್ಲಿ ಕಲಿತ ಭಾಷೆ.

ಪ್ರದರ್ಶನದ ಸ್ವರೂಪ

ತಾಳಮದ್ದಳೆಯಲ್ಲಿ ಹಿಮ್ಮೇಳ ಮತ್ತು ಮುಮ್ಮೇಳ ಎಂಬ ಎರಡು ಭಾಗಗಳಿವೆ. ಹಿಮ್ಮೇಳದಲ್ಲಿ ಭಾಗವತರು, ಮದ್ದಳೆ ಮತ್ತು ಚೆಂಡೆಯ ವಾದಕರು ಇರುತ್ತಾರೆ. ಮುಮ್ಮೇಳದ ಕಲಾವಿದರನ್ನು ಅರ್ಥಧಾರಿಗಳೆಂದು ಕರೆಯುತ್ತಾರೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದ ಬಳಿಕ ಅರ್ಥಧಾರಿಯು ಆ ಪದ್ಯದ ಆಶಯವನ್ನು ಗದ್ಯದಲ್ಲಿ ವಿಸ್ತರಿಸುತ್ತಾನೆ. ಈ ಮಾತಿಗೆ ‘ಅರ್ಥ’ ಎಂದೂ, ಆ ಕೌಶಲಕ್ಕೆ ‘ಅರ್ಥಗಾರಿಕೆ’ ಎಂದೂ ಹೆಸರು. ಮಾತುಗಳು ಮೊದಲೇ ಬರೆದಿಟ್ಟವಲ್ಲ. ಆಯಾ ಕೂಟದಲ್ಲಿ ಆ ಕ್ಷಣದಲ್ಲಿಯೇ ರೂಪುಗೊಳ್ಳುತ್ತವೆ.

ಪಾತ್ರವು ಪ್ರವೇಶವಾದೊಡನೆ ಹೇಳುವ ಮೊದಲ ಮಾತುಗಳನ್ನು ಪೀಠಿಕೆ ಎನ್ನುತ್ತಾರೆ. ತಾನು ಯಾರು, ಇಲ್ಲಿಯವರೆಗೆ ಏನಾಯಿತು, ಈಗ ತನ್ನ ಮನಸ್ಸಿನಲ್ಲಿರುವುದೇನು ಎಂಬುದು ಅದರಲ್ಲಿ ಸ್ಪಷ್ಟವಾಗಬೇಕು. ಆ ಬಳಿಕ ಎದುರು ಪಾತ್ರದೊಂದಿಗೆ ಸಂವಾದ ನಡೆಯುತ್ತದೆ. ಕಥೆಯ ಅಂತ್ಯವನ್ನು ಬದಲಿಸುವಂತಿಲ್ಲ. ವಾಲಿ ಸಾಯಲೇಬೇಕು, ಸಂಧಾನ ಮುರಿಯಲೇಬೇಕು. ಬದಲಾಗಬಹುದಾದದ್ದು ಆ ಅಂತ್ಯಕ್ಕೆ ಪಾತ್ರವು ಬರುವ ದಾರಿ ಮಾತ್ರ. ಆದ್ದರಿಂದ ಅರ್ಥಧಾರಿಯ ಸ್ವಾತಂತ್ರ್ಯವು ಮುಖ್ಯವಾಗಿ ಪ್ರೇರಣೆಯ ಕ್ಷೇತ್ರದಲ್ಲಿಯೇ ಇದೆ.

ಅರ್ಥಧಾರಿಗಳು ಪ್ರಸಂಗದ ಪದ್ಯಗಳನ್ನಷ್ಟೇ ಅಲ್ಲದೆ ವಾಲ್ಮೀಕಿ ರಾಮಾಯಣ, ವ್ಯಾಸಭಾರತ, ಕುಮಾರವ್ಯಾಸ ಭಾರತ, ತೊರವೆ ರಾಮಾಯಣ, ಜೈಮಿನಿ ಭಾರತ ಮುಂತಾದವುಗಳನ್ನು ಆಧಾರವಾಗಿ ಬಳಸುತ್ತಾರೆ. ರಾಮಾಯಣದ ಪ್ರಸಂಗಗಳ ಕರ್ತೃವಾಗಿ ಕುಂಬಳೆ ಸೀಮೆಯ ಪಾರ್ತಿಸುಬ್ಬನು ಪ್ರಸಿದ್ಧನಾಗಿದ್ದಾನೆ. ಶೇಣಿ ಗೋಪಾಲಕೃಷ್ಣ ಭಟ್ (೧೯೧೮–೨೦೦೬), ಮಲ್ಪೆ ಶಂಕರನಾರಾಯಣ ಸಾಮಗ, ಮಲ್ಪೆ ರಾಮದಾಸ ಸಾಮಗ, ದೇರಾಜೆ ಸೀತಾರಾಮಯ್ಯ, ಕುಂಬಳೆ ಸುಂದರ ರಾವ್, ಎಂ. ಪ್ರಭಾಕರ ಜೋಶಿ ಮತ್ತು ಜಬ್ಬಾರ್ ಸಮೋ ಈ ಕ್ಷೇತ್ರದ ಹೆಸರಾಂತ ಅರ್ಥಧಾರಿಗಳಲ್ಲಿ ಕೆಲವರು.

ಪ್ರೇರಣೆಯನ್ನು ಗುರುತಿಸುವ ಕ್ರಮ

ಪಾತ್ರವೊಂದರ ಪ್ರೇರಣೆಯನ್ನು ತಿಳಿಯಲು ಅರ್ಥಧಾರಿಯಾಗಲಿ ಓದುಗನಾಗಲಿ ಸಾಮಾನ್ಯವಾಗಿ ಐದು ಪ್ರಶ್ನೆಗಳ ಮೂಲಕ ಸಾಗಬಹುದು.

೧. ಪಾತ್ರವು ನಿಜವಾಗಿ ಏನು ಮಾಡಿತು?
೨. ಮಾಡುವ ಹೊತ್ತಿನಲ್ಲಿ ಅದಕ್ಕೆ ಏನೇನು ತಿಳಿದಿತ್ತು?
೩. ಅದು ಯಾರ ಋಣದಲ್ಲಿ, ಯಾವ ಮಾತಿಗೆ ಕಟ್ಟುಬಿದ್ದು ಇತ್ತು?
೪. ಬೇರೆ ದಾರಿ ಅದರ ಮುಂದಿತ್ತೇ?
೫. ಅದು ಹೇಳಿಕೊಂಡ ಕಾರಣಕ್ಕೂ ಆಮೇಲಿನ ನಡತೆಗೂ ಹೊಂದಿಕೆಯಿದೆಯೇ?

ಸುಗ್ರೀವನ ಪ್ರಸಂಗವನ್ನು ಈ ಕ್ರಮದಲ್ಲಿ ನೋಡಬಹುದು. ಮಾಯಾವಿಯೆಂಬ ಅಸುರನನ್ನು ಬೆನ್ನಟ್ಟಿ ವಾಲಿಯು ಬಿಲವನ್ನು ಹೊಕ್ಕನು. ವರ್ಷ ಕಳೆದ ಬಳಿಕ ಬಿಲದಿಂದ ನೊರೆಗೂಡಿದ ರಕ್ತ ಹರಿದು ಬಂದಿತು, ಅಸುರರ ಕೂಗು ಕೇಳಿಸಿತು, ಅಣ್ಣನ ದನಿ ಕೇಳಿಸಲಿಲ್ಲ. ಸುಗ್ರೀವನು ಬಿಲದ ಬಾಯಿಗೆ ಬಂಡೆಯನ್ನಿಟ್ಟು ಕಿಷ್ಕಿಂಧೆಗೆ ಮರಳಿ ರಾಜನಾದನು. ಮೊದಲ ಮೂರು ಪ್ರಶ್ನೆಗಳು ಅವನ ಪರವಾಗಿವೆ: ಅಣ್ಣ ಸತ್ತನೆಂದು ಅವನು ತಿಳಿದದ್ದಕ್ಕೆ ಆಧಾರವಿತ್ತು. ನಾಲ್ಕನೆಯ ಪ್ರಶ್ನೆಯಲ್ಲಿ ತೊಡಕಿದೆ: ಒಳಹೊಕ್ಕು ನೋಡಬಹುದಿತ್ತಲ್ಲವೇ? ಐದನೆಯ ಪ್ರಶ್ನೆಯು ಇನ್ನೂ ಕಠಿಣ: ದುಃಖಿತನಾದ ತಮ್ಮನು ಸಿಂಹಾಸನವನ್ನು ಏಕೆ ಸ್ವೀಕರಿಸಿದನು? ಮಂತ್ರಿಗಳು ಪಟ್ಟ ಕಟ್ಟಿದರು ಎಂಬ ಅವನ ಉತ್ತರವು ಕಾರಣವೋ ನೆಪವೋ ಎಂಬುದರ ಮೇಲೆ ವಾಲಿಯ ಪಾತ್ರಧಾರಿಯು ತನ್ನ ವಾದವನ್ನು ಕಟ್ಟುತ್ತಾನೆ.

ಪ್ರಮುಖ ಪಾತ್ರಗಳು

ವಾಲಿ: ‘ವಾಲಿ ಸಂಹಾರ’ ಅಥವಾ ‘ವಾಲಿ ಮೋಕ್ಷ’ವು ತಾಳಮದ್ದಳೆಯ ಜನಪ್ರಿಯ ಪ್ರಸಂಗಗಳಲ್ಲೊಂದು. ಮರೆಯಿಂದ ಬಾಣ ಬಿಟ್ಟ ರಾಮನನ್ನು ನೆಲಕ್ಕೆ ಬಿದ್ದ ವಾಲಿಯು ಪ್ರಶ್ನಿಸುತ್ತಾನೆ. ತಮ್ಮನ ಹೆಂಡತಿಯಾದ ರುಮೆಯನ್ನು ವಶಪಡಿಸಿಕೊಂಡವನಿಗೆ ದಂಡನೆ ಸಲ್ಲುತ್ತದೆ ಎಂಬುದು ರಾಮನ ಉತ್ತರ. ಇಲ್ಲಿ ರಾಮನ ಪ್ರೇರಣೆ ಯಾವುದು? ಧರ್ಮರಕ್ಷಣೆಯೇ, ಸುಗ್ರೀವನಿಗೆ ಕೊಟ್ಟ ಮಾತೇ, ಸೀತೆಯ ಶೋಧಕ್ಕೆ ಬೇಕಾದ ನೆರವೇ? ಮೂರೂ ಮೂಲದಲ್ಲಿ ಇರುವಂಥವೇ. ಯಾವುದನ್ನು ಮುಂದಿಡಬೇಕೆಂಬ ಆಯ್ಕೆಯಿಂದ ರಾಮನ ಚಿತ್ರ ಬದಲಾಗುತ್ತದೆ. ಶೇಣಿಯವರು ವಾಲಿ, ರಾವಣ, ಕೌರವ, ಮಾಗಧ ಮುಂತಾದ ಪ್ರತಿನಾಯಕ ಪಾತ್ರಗಳಿಗೆ ವಾದಬಲವನ್ನು ತಂದುಕೊಟ್ಟವರೆಂದು ಹೆಸರಾಗಿದ್ದಾರೆ.

ಕರ್ಣ: ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ ಪಾಂಡವರ ಪಕ್ಷಕ್ಕೆ ಕರೆದಾಗ ಕರ್ಣನು ಒಪ್ಪುವುದಿಲ್ಲ. ದುರ್ಯೋಧನನ ಋಣ, ಸಾಕಿದ ರಾಧೆ ಮತ್ತು ಅಧಿರಥರ ಮೇಲಿನ ಪ್ರೀತಿ, ಭಯದಿಂದ ಪಕ್ಷ ಬದಲಿಸಿದನೆಂಬ ಅಪವಾದದ ಅಳುಕು ಇವು ಪ್ರಸಿದ್ಧ ಕಾರಣಗಳು. ವ್ಯಾಸಭಾರತದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಈ ರಹಸ್ಯವನ್ನು ಯುಧಿಷ್ಠಿರನಿಗೆ ತಿಳಿಸಬಾರದೆಂದು ಕರ್ಣನು ಕೃಷ್ಣನನ್ನು ಕೋರುತ್ತಾನೆ. ತಿಳಿದರೆ ಯುಧಿಷ್ಠಿರನು ರಾಜ್ಯವನ್ನು ತನಗೇ ಒಪ್ಪಿಸುವನು, ತಾನು ಅದನ್ನು ದುರ್ಯೋಧನನಿಗೆ ಕೊಟ್ಟುಬಿಡುವೆನು ಎಂಬುದು ಅವನ ಆತಂಕ. ತನ್ನ ಪಕ್ಷ ಸೋಲುವುದೆಂದು ತಿಳಿದೂ ಅದರಲ್ಲಿ ಉಳಿಯುವ, ರಾಜ್ಯವು ಯೋಗ್ಯನ ಕೈಯಲ್ಲಿರಲಿ ಎಂದೂ ಬಯಸುವ ಈ ದ್ವಂದ್ವವು ‘ಸ್ವಾಮಿನಿಷ್ಠೆ’ ಎಂಬ ಒಂದೇ ಪದದಲ್ಲಿ ಅಡಗುವಂಥದಲ್ಲ. ಪಂಪನ ‘ವಿಕ್ರಮಾರ್ಜುನ ವಿಜಯ’ (ಕ್ರಿ.ಶ. ೯೪೧) ಮತ್ತು ಕುಮಾರವ್ಯಾಸನ ಭಾರತಗಳೂ ಕರ್ಣನಿಗೆ ವಿಶೇಷ ಸಹಾನುಭೂತಿಯನ್ನು ತೋರಿವೆ.

ಭೀಷ್ಮ ಮತ್ತು ಅಂಬೆ: ‘ಭೀಷ್ಮ ವಿಜಯ’ ಪ್ರಸಂಗದಲ್ಲಿ ಭೀಷ್ಮನು ತಮ್ಮನಾದ ವಿಚಿತ್ರವೀರ್ಯನಿಗಾಗಿ ಕಾಶೀರಾಜನ ಮೂವರು ಪುತ್ರಿಯರನ್ನು ಗೆದ್ದು ತರುತ್ತಾನೆ. ಹಿರಿಯವಳಾದ ಅಂಬೆಯು ಸಾಲ್ವನಲ್ಲಿ ಮನಸ್ಸಿಟ್ಟವಳೆಂದು ತಿಳಿದು ಅವಳನ್ನು ಕಳುಹಿಸಿಕೊಡುತ್ತಾನೆ. ಸಾಲ್ವನು ಅವಳನ್ನು ತಿರಸ್ಕರಿಸುತ್ತಾನೆ. ಮರಳಿ ಬಂದ ಅಂಬೆಗೆ ಭೀಷ್ಮನ ಬ್ರಹ್ಮಚರ್ಯ ಪ್ರತಿಜ್ಞೆ ಅಡ್ಡವಾಗುತ್ತದೆ. ಭೀಷ್ಮನ ಪ್ರೇರಣೆಯಲ್ಲಿ ದುರುದ್ದೇಶವಿಲ್ಲ. ಆದರೂ ಅವನ ಕಾರ್ಯದಿಂದ ಒಬ್ಬಳ ಬದುಕು ನೆಲೆಗೆಡುತ್ತದೆ. ಉದ್ದೇಶವು ಶುದ್ಧವಾಗಿದ್ದರೆ ಫಲದ ಹೊಣೆ ತಪ್ಪುತ್ತದೆಯೇ ಎಂಬುದು ಈ ಪ್ರಸಂಗದ ತಿರುಳಾದ ಪ್ರಶ್ನೆ.

ಬಾಹುಬಲಿ: ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ೧೬೦೪ರಲ್ಲಿ ತಿಮ್ಮಣ್ಣ ಅಜಿಲನು ಪ್ರತಿಷ್ಠಾಪಿಸಿದ ಬಾಹುಬಲಿಯ ವಿಗ್ರಹವಿದೆ. ಪಂಪನ ‘ಆದಿಪುರಾಣ’ದಲ್ಲಿ ಭರತ ಮತ್ತು ಬಾಹುಬಲಿಯರ ನಡುವೆ ದೃಷ್ಟಿ, ಜಲ ಮತ್ತು ಮಲ್ಲಯುದ್ಧಗಳು ನಡೆಯುತ್ತವೆ, ಗೆದ್ದ ಬಾಹುಬಲಿಯು ರಾಜ್ಯದ ಮೇಲಿನ ಮೋಹಕ್ಕೆ ಹೇಸಿ ತಪಸ್ಸಿಗೆ ತೆರಳುತ್ತಾನೆ. ಹದಿನಾರನೆಯ ಶತಮಾನದ ಮೂಡುಬಿದಿರೆಯ ಕವಿ ರತ್ನಾಕರವರ್ಣಿಯು ‘ಭರತೇಶ ವೈಭವ’ದಲ್ಲಿ ಈ ಯುದ್ಧಗಳನ್ನು ಕೈಬಿಟ್ಟು, ಭರತನು ಮೃದುವಾದ ಮಾತಿನಿಂದ ತಮ್ಮನ ಮನಸ್ಸನ್ನು ಗೆಲ್ಲುವಂತೆ ಚಿತ್ರಿಸಿದನು. ಎರಡೂ ಕಾವ್ಯಗಳಲ್ಲಿ ಬಾಹುಬಲಿಯು ತಪಸ್ಸಿಗೇ ಹೋಗುತ್ತಾನೆ, ಆದರೆ ಹೋಗುವ ಪ್ರೇರಣೆ ಬೇರೆಯಾಗುತ್ತದೆ. ಮೊದಲನೆಯದರಲ್ಲಿ ಅಣ್ಣನ ನಡತೆಯಿಂದ ಹುಟ್ಟಿದ ಜುಗುಪ್ಸೆ, ಎರಡನೆಯದರಲ್ಲಿ ತನ್ನ ನಡತೆಯ ಬಗೆಗಿನ ಪಶ್ಚಾತ್ತಾಪ ಮುಖ್ಯ.

ಮಂಥರೆ ಮತ್ತು ದುರ್ಯೋಧನ: ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ (೧೯೪೯) ಮಂಥರೆಯ ಕಾರ್ಯಕ್ಕೆ ಭರತನ ಮೇಲಿನ ಅವಳ ಮಮತೆಯನ್ನು ಮೂಲವಾಗಿ ಕಾಣಿಸುತ್ತದೆ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ರಣರಂಗದಲ್ಲಿ ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುತ್ತಾನೆ. ಪ್ರತಿನಾಯಕನಿಗೆ ಒಳಗಾರಣವನ್ನು ಕೊಡುವ ಪರಂಪರೆ ಕನ್ನಡದಲ್ಲಿ ಹಳೆಯದೆಂಬುದಕ್ಕೆ ಇವು ನಿದರ್ಶನಗಳು.

ಭಾಷೆ ಮತ್ತು ವ್ಯಾಕರಣ

ಪ್ರೇರಣೆಯು ವಾಕ್ಯದ ರಚನೆಯಲ್ಲಿ ಅಡಗಿರುತ್ತದೆ. ಸುಗ್ರೀವನ ಕಾರ್ಯವನ್ನು ಕನ್ನಡದಲ್ಲಿ ಹಲವು ಬಗೆಯಾಗಿ ಹೇಳಬಹುದು.

• ‘ಬಿಲವನ್ನು ಮುಚ್ಚಿದೆನು’: ಕರ್ತರಿ ಪ್ರಯೋಗ, ಹೊಣೆಯನ್ನು ಒಪ್ಪಿಕೊಂಡ ಮಾತು.
• ‘ಬಿಲವು ಮುಚ್ಚಲ್ಪಟ್ಟಿತು’: ಕರ್ಮಣಿ ಪ್ರಯೋಗ, ಮುಚ್ಚಿದವನು ಮರೆಯಾಗುತ್ತಾನೆ.
• ‘ಬಿಲವನ್ನು ಮುಚ್ಚಬೇಕಾಯಿತು’: ಬೇರೆ ದಾರಿಯಿರಲಿಲ್ಲ ಎಂಬ ಧ್ವನಿ.
• ‘ಅಸುರರು ಹೊರಬರಬಾರದೆಂದು ಮುಚ್ಚಿದೆನು’: ‘ಎಂದು’ ಎಂಬ ಅವ್ಯಯದಿಂದ ಉದ್ದೇಶವು ಸ್ಪಷ್ಟವಾಗುತ್ತದೆ.
• ‘ಅಣ್ಣ ಸತ್ತುದರಿಂದ ಮುಚ್ಚಿದೆನು’: ‘ಇಂದ’ ಪ್ರತ್ಯಯವು ಕಾರಣವನ್ನು ಸೂಚಿಸುತ್ತದೆ, ಆದರೆ ‘ಸತ್ತ’ ಎಂಬುದೇ ಇಲ್ಲಿ ತಪ್ಪು ತಿಳಿವಳಿಕೆ.

ವಾಲಿಯ ಬಾಯಲ್ಲಿ ಇದೇ ಕಾರ್ಯವು ‘ನಾನು ಹೊರಬರಬಾರದೆಂದು ಮುಚ್ಚಿದೆ’ ಎಂದಾಗುತ್ತದೆ. ಕ್ರಿಯಾಪದ ಬದಲಾಗಿಲ್ಲ, ಕರ್ತೃ ಬದಲಾಗಿಲ್ಲ. ‘ಎಂದು’ವಿನ ಹಿಂದಿನ ಮಾತು ಬದಲಾಗಿ ರಕ್ಷಣೆಯು ದ್ರೋಹವಾಗಿದೆ. ಚತುರ್ಥೀ ವಿಭಕ್ತಿಯ ‘ಗೆ, ಕ್ಕೆ’, ಅದರೊಂದಿಗೆ ಬರುವ ‘ಆಗಿ’, ‘ಓಸ್ಕರ’ ಮತ್ತು ‘ಅಲು’ ಪ್ರತ್ಯಯಗಳು ಉದ್ದೇಶವನ್ನು ತಿಳಿಸುವ ಇತರ ಸಾಧನಗಳು. ‘ರಾಜ್ಯಕ್ಕಾಗಿ’, ‘ರಾಜ್ಯವನ್ನು ಕಾಯಲು’ ಎಂಬ ಎರಡು ಮಾತುಗಳ ನಡುವಿನ ಅಂತರದ ಮೇಲೆಯೇ ಒಂದು ದೀರ್ಘ ಸಂವಾದ ನಡೆಯಬಹುದು.

ಇಂಗ್ಲಿಷ್ ಕಲಿಕೆಯೊಂದಿಗೆ ಹೋಲಿಕೆ

ತಾಳಮದ್ದಳೆಯ ಅರ್ಥದಲ್ಲಿ ಇಂಗ್ಲಿಷ್ ಪದಗಳನ್ನು ಬಳಸಬಾರದೆಂಬುದು ಕಟ್ಟುನಿಟ್ಟಾದ ಸಂಪ್ರದಾಯ. ಆದರೆ ಪಾತ್ರದ ಪ್ರೇರಣೆಯನ್ನು ಬರೆಯುವುದು ಶಾಲೆ ಮತ್ತು ಕಾಲೇಜುಗಳ ಇಂಗ್ಲಿಷ್ ಪಾಠಗಳಲ್ಲಿಯೂ ಒಂದು ಮುಖ್ಯ ಅಭ್ಯಾಸ. ಕೂಟಗಳಲ್ಲಿ ಕೇಳಿ ಪರಿಚಿತವಾದ ಪಾತ್ರಗಳನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಆ ಭಾಷೆಯ ಮೂಲ ವ್ಯಾಕರಣವು ಸುಲಭವಾಗಿ ಮನದಟ್ಟಾಗುತ್ತದೆ.

‘ಬಿಕಾಸ್’ ಎಂಬ ಪದವು ಕಾರಣವನ್ನೂ, ‘ಟು’ ಅಥವಾ ‘ಇನ್ ಆರ್ಡರ್ ಟು’ ಎಂಬುದು ಉದ್ದೇಶವನ್ನೂ ಸೂಚಿಸುತ್ತದೆ. ‘ಬಿಕಾಸ್’ ಮುಂದೆ ಕರ್ತೃ ಮತ್ತು ಕ್ರಿಯಾಪದಗಳುಳ್ಳ ಉಪವಾಕ್ಯ ಬರಬೇಕು. ‘ಟು’ ಮುಂದೆ ಕ್ರಿಯಾಪದದ ಮೂಲರೂಪ ಸಾಕು. ‘ಬಿಕಾಸ್ ಆಫ್’ ಎಂದಾದರೆ ನಾಮಪದ ಬರುತ್ತದೆ. ‘ಮುಚ್ಚಿದೆನು’ ಎಂಬುದಕ್ಕೆ ‘ಐ ಕ್ಲೋಸ್ಡ್ ದ ಕೇವ್’, ‘ಮುಚ್ಚಬೇಕಾಯಿತು’ ಎಂಬುದಕ್ಕೆ ‘ಐ ಹ್ಯಾಡ್ ಟು ಕ್ಲೋಸ್ ದ ಕೇವ್’, ‘ಮುಚ್ಚಲ್ಪಟ್ಟಿತು’ ಎಂಬುದಕ್ಕೆ ‘ದ ಕೇವ್ ವಾಸ್ ಕ್ಲೋಸ್ಡ್’ ಎಂದು ಹೇಳುತ್ತಾರೆ. ಕ್ರಮದಲ್ಲಿ ಭೇದವಿದೆ: ಕನ್ನಡವು ಸಾಮಾನ್ಯವಾಗಿ ಕಾರಣವನ್ನು ಮೊದಲು ಹೇಳಿ ಕಾರ್ಯವನ್ನು ಕೊನೆಗೆ ಹೇಳುತ್ತದೆ, ಇಂಗ್ಲಿಷ್‌ನಲ್ಲಿ ಕಾರ್ಯವು ಮೊದಲು ಬಂದು ಕಾರಣವು ಹಿಂಬಾಲಿಸುವುದು ಹೆಚ್ಚು.

ಶಬ್ದಸಂಪತ್ತಿನಲ್ಲಿ ‘ಮೋಟಿವ್’ ಪ್ರೇರಣೆಗೂ, ‘ರೀಸನ್’ ಕಾರಣಕ್ಕೂ, ‘ಪರ್ಪಸ್’ ಉದ್ದೇಶಕ್ಕೂ, ‘ಎಕ್ಸ್‌ಕ್ಯೂಸ್’ ನೆಪಕ್ಕೂ ಹತ್ತಿರದ ಪದಗಳು. ‘ಲಾಯಲ್ಟಿ’ ನಿಷ್ಠೆ, ‘ಗ್ರ್ಯಾಟಿಟ್ಯೂಡ್’ ಕೃತಜ್ಞತೆ, ‘ಜೆಲಸಿ’ ಮತ್ಸರ, ‘ರಿವೆಂಜ್’ ಸೇಡು. ಆದರೆ ಕರ್ಣನನ್ನು ವಿವರಿಸುವ ‘ಹಂಗು’ ಮತ್ತು ದುರ್ಯೋಧನನನ್ನು ವಿವರಿಸುವ ‘ಛಲ’ ಎಂಬ ಪದಗಳಿಗೆ ಒಂದೊಂದೇ ಸಮಾನಪದ ದೊರೆಯದು. ಕೃತಜ್ಞತೆಯು ಒಲಿದು ತೋರುವಂಥದು. ಹಂಗಿನಲ್ಲಿ ಬಿಡಿಸಿಕೊಳ್ಳಲಾಗದ ಕಟ್ಟು ಇದೆ. ಇಂತಹ ಕಡೆ ಒಂದು ಪದದ ಬದಲು ಒಂದು ವಾಕ್ಯವನ್ನು ಬರೆಯುವುದೇ ಸರಿಯಾದ ದಾರಿ. ಕನ್ನಡ–ಇಂಗ್ಲಿಷ್ ಪದಗಳ ಇಂತಹ ಅರ್ಥಚ್ಛಾಯೆಗಳನ್ನು ನೋಡಲು ೧೮೯೪ರಲ್ಲಿ ಮಂಗಳೂರಿನಿಂದ ಪ್ರಕಟವಾದ ಫರ್ಡಿನಾಂಡ್ ಕಿಟ್ಟೆಲ್ ಅವರ ನಿಘಂಟು ಇಂದಿಗೂ ನೆರವಾಗುತ್ತದೆ.

ಇಂಗ್ಲಿಷ್ ಸಾಹಿತ್ಯವಿಮರ್ಶೆಯಲ್ಲಿ ಪ್ರೇರಣೆಯ ಚರ್ಚೆಗೆ ಶೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕದ ಇಯಾಗೊ ಪ್ರಸಿದ್ಧ ಉದಾಹರಣೆ. ಅವನು ತನ್ನ ದ್ವೇಷಕ್ಕೆ ಹಲವು ಕಾರಣಗಳನ್ನು ಹೇಳಿಕೊಳ್ಳುತ್ತಾನೆ. ಅವೆಲ್ಲವೂ ದ್ವೇಷಕ್ಕೆ ಆಮೇಲೆ ಹುಡುಕಿಕೊಂಡ ನೆಪಗಳೆಂದು ಕವಿ ಕೋಲ್‌ರಿಜ್ ಅಭಿಪ್ರಾಯಪಟ್ಟನು. ಕನ್ನಡದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಅಯಾಸ್’ ನಾಟಕವನ್ನು ಆಧರಿಸಿ ‘ಅಶ್ವತ್ಥಾಮನ್’ (೧೯೨೯) ನಾಟಕವನ್ನು ರಚಿಸಿದಾಗ ಪಾಶ್ಚಾತ್ಯ ದುರಂತನಾಯಕನ ಪ್ರೇರಣೆಯು ಮಹಾಭಾರತದ ಪಾತ್ರವೊಂದರಲ್ಲಿ ನೆಲೆ ಕಂಡಿತು.

ವಿಮರ್ಶೆ

ಅರ್ಥಗಾರಿಕೆಯಲ್ಲಿ ಪ್ರೇರಣೆಯ ಶೋಧವು ಕೆಲವು ಅಪಾಯಗಳನ್ನೂ ಒಳಗೊಂಡಿದೆ. ಮೊದಲನೆಯದು ವಾದಕ್ಕಾಗಿ ವಾದ. ಎದುರಾಳಿಯನ್ನು ನಿರುತ್ತರಗೊಳಿಸುವ ಉತ್ಸಾಹದಲ್ಲಿ ಪಾತ್ರವು ಹಿಂದೆ ಸರಿದು ಕಲಾವಿದನ ಪಾಂಡಿತ್ಯ ಮುಂದೆ ಬರುತ್ತದೆ. ಎರಡನೆಯದು ಕಾಲವ್ಯತಿಕ್ರಮ, ಪಾತ್ರಕ್ಕೆ ಆ ಕ್ಷಣದಲ್ಲಿ ತಿಳಿದಿರಲಾರದ ಸಂಗತಿಯನ್ನು ಆಧರಿಸಿ ಸಮರ್ಥನೆ ನೀಡುವುದು. ಮೂರನೆಯದು ಅತಿಸಮರ್ಥನೆ. ಪ್ರತಿಯೊಂದು ಕಾರ್ಯಕ್ಕೂ ಒಳ್ಳೆಯ ಕಾರಣವನ್ನು ಕಲ್ಪಿಸಿದರೆ ತಪ್ಪು ಎಂಬ ಮಾತಿಗೇ ಸ್ಥಳವಿಲ್ಲದಾಗುತ್ತದೆ. ವಾಲಿಯ ವಾದವು ಎಷ್ಟೇ ಬಲವಾಗಿದ್ದರೂ ರುಮೆಗೆ ಆದ ಅನ್ಯಾಯವು ಅದರಿಂದ ಇಲ್ಲವಾಗುವುದಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಕೊರತೆಯೆಂದರೆ ಕೆಲವು ಪಾತ್ರಗಳಿಗೆ ಮಾತಿನ ಅವಕಾಶವೇ ಕಡಿಮೆ. ವಾಲಿ ಮತ್ತು ಸುಗ್ರೀವರ ವಿವಾದದ ಕೇಂದ್ರದಲ್ಲಿರುವ ರುಮೆಯು ಬಹುಮಟ್ಟಿಗೆ ಮೌನವಾಗಿಯೇ ಉಳಿಯುತ್ತಾಳೆ. ತಾರೆ, ಅಂಬೆ, ದ್ರೌಪದಿಯರಂತಹ ಪಾತ್ರಗಳು ಮಾತ್ರ ತಮ್ಮ ಪ್ರೇರಣೆಯನ್ನು ತಾವೇ ಹೇಳಿಕೊಳ್ಳುತ್ತವೆ. ಮಹಿಳಾ ತಾಳಮದ್ದಳೆ ತಂಡಗಳು ಬೆಳೆದಿರುವುದರಿಂದ ಈ ಪಾತ್ರಗಳ ಅರ್ಥವನ್ನು ಸ್ತ್ರೀಯರೇ ಹೇಳುವ ಸಂದರ್ಭಗಳು ಹೆಚ್ಚಿವೆ.

ಪ್ರೇರಣೆಯನ್ನು ಅರಿಯುವುದು ಕಾರ್ಯವನ್ನು ಮನ್ನಿಸುವುದಕ್ಕೆ ಸಮಾನವಲ್ಲ. ತಾಳಮದ್ದಳೆಯ ರಚನೆಯಲ್ಲಿಯೇ ಈ ಭೇದವು ಅಡಕವಾಗಿದೆ: ಪಾತ್ರಕ್ಕೆ ತನ್ನ ಮಾತನ್ನು ಪೂರ್ಣವಾಗಿ ಹೇಳಲು ಅವಕಾಶವಿದೆ, ಎದುರು ಪಾತ್ರಕ್ಕೆ ಉತ್ತರಿಸುವ ಹಕ್ಕಿದೆ, ಕಥೆಯ ಅಂತ್ಯವು ಮೂಲದಂತೆಯೇ ಇರುತ್ತದೆ. ಯಾರ ಕಾರಣವು ನಿಜ, ಯಾರದು ನೆಪ ಎಂಬ ತೀರ್ಮಾನವನ್ನು ಯಾವ ಅರ್ಥಧಾರಿಯೂ ಹೇಳುವುದಿಲ್ಲ. ಅದು ಕೇಳುಗರಿಗೆ ಬಿಟ್ಟದ್ದು.

ಇವನ್ನೂ ನೋಡಿ

• ಯಕ್ಷಗಾನ
• ತಾಳಮದ್ದಳೆ
• ಪಾರ್ತಿಸುಬ್ಬ
• ಶೇಣಿ ಗೋಪಾಲಕೃಷ್ಣ ಭಟ್
• ರತ್ನಾಕರವರ್ಣಿ
• ವಿಭಕ್ತಿ ಪ್ರತ್ಯಯಗಳು